ಲೌಂಜ್‌ಗೆ ಕಾರ್ಡೋ, ಕಾಸೋ, ಮನೆ ಬುತ್ತಿಯೋ?

ಹೋದ ವಾರ ರಾತ್ರಿ ಊಟ ಮುಗಿಸಿ ಕೂತಿದ್ದಾಗ ತಂಗಿ ಫೋನ್ ಮಾಡಿದಳು. "ಅಕ್ಕಾ, ಏರ್‌ಪೋರ್ಟ್ ಲೌಂಜ್ ಸಿಗೋ ಕ್ರೆಡಿಟ್ ಕಾರ್ಡ್ ಮಾಡಿಸೋಣ ಅಂತಿದ್ದೀನಿ. ಮೂರು ನೋಡಿಟ್ಟಿದ್ದೀನಿ. ಒಂದಕ್ಕೆ ವರ್ಷಕ್ಕೆ ₹500, ಇನ್ನೊಂದಕ್ಕೆ ₹2,500, ಮತ್ತೊಂದಕ್ಕೆ ₹12,500. ಮೂರರಲ್ಲೂ ಲೌಂಜ್ ಫ್ರೀ ಅಂತ ಬರೆದಿದೆ. ಯಾವುದು ತಗೊಳ್ಳಲಿ?"

ಲೌಂಜ್ ಅಂದರೆ ವಿಮಾನ ಹೊರಡುವವರೆಗೆ ಒರಗಿ ಕೂತು ತಿಂಡಿ, ಕಾಫಿ ಮುಗಿಸಲು ನಿಲ್ದಾಣದಲ್ಲಿ ಇರುವ ಪ್ರತ್ಯೇಕ ಜಾಗ. ನಾನು ತಿರುಗಿ ಕೇಳಿದೆ. ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೀರಿ? ಎಷ್ಟು ಜನ? ಎಷ್ಟು ಹೊತ್ತಿಗೆ? ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. "ಅದೆಲ್ಲ ಲೆಕ್ಕ ಹಾಕಿಲ್ಲ" ಅಂದಳು.

ಇದೇ ಪ್ರಶ್ನೆಯನ್ನು ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಅಪಾರ್ಟ್‌ಮೆಂಟಿನ ಗೆಳತಿಯರು ತುಂಬಾ ಸಲ ಕೇಳಿದ್ದಾರೆ. ನಾನು ಕೆಲಸದ ಮೇಲೆ ತಿಂಗಳಿಗೆ ಎರಡು ಸಲವಾದರೂ ದೇವನಹಳ್ಳಿ ಕಡೆ ಓಡುವವಳು. ವರ್ಷಕ್ಕೊಂದೆರಡು ಸಲ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಫ್ರೀಯಾಗಿ ಒಳಗೆ ಹೋಗಿದ್ದೇನೆ, ದುಡ್ಡು ಕೊಟ್ಟೂ ಹೋಗಿದ್ದೇನೆ, ಬಾಗಿಲಿನಿಂದ ವಾಪಸ್ಸೂ ಬಂದಿದ್ದೇನೆ. ಆ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ, ನಮ್ಮಲ್ಲಿ ಹೆಚ್ಚಿನವರು ಹೊರಡುವುದು ಅಲ್ಲಿಂದಲೇ ಅಲ್ವಾ.

ಕಾರ್ಡ್ ನೋಡುವ ಮೊದಲು ನಿಮ್ಮನ್ನು ನೋಡಿಕೊಳ್ಳಿ

ಮೊದಲನೆಯದು, ಎಷ್ಟು ಸಲ. ಇಲ್ಲಿ ಪ್ರವಾಸ ಎಣಿಸಬೇಡಿ, ವಿಮಾನ ಹತ್ತುವುದನ್ನು ಎಣಿಸಿ. ದೆಹಲಿಗೆ ಹೋಗಿ ಬಂದರೆ ಎರಡು ಸಲ. ಆ ಎರಡರಲ್ಲಿ ಲೌಂಜ್‌ನಲ್ಲಿ ಕೂರಲು ನಿಜವಾಗಿ ಸಮಯ ಸಿಗುವುದು ಎಷ್ಟು ಸಲ ಅಂತಲೂ ಕೇಳಿಕೊಳ್ಳಿ. ಹೆಬ್ಬಾಳದಲ್ಲಿ ಟ್ರಾಫಿಕ್‌ಗೆ ಸಿಕ್ಕಿ, ಸೆಕ್ಯುರಿಟಿ ಮುಗಿಸುವಷ್ಟರಲ್ಲಿ ಬೋರ್ಡಿಂಗ್ ಶುರುವಾಗಿದ್ದರೆ ಯಾವ ಕಾರ್ಡ್ ಇದ್ದೂ ಉಪಯೋಗ ಇಲ್ಲ. ನನ್ನದೇ ಹೋದ ವರ್ಷದ ಲೆಕ್ಕ ನೋಡಿದರೆ, ಹತ್ತು ಸಲ ಹೊರಟರೆ ಲೌಂಜ್‌ಗೆ ಹೋಗಿದ್ದು ಆರು ಸಲ.

ಎರಡನೆಯದು, ಜೊತೆಗೆ ಯಾರು. ಇದು ಎಲ್ಲಕ್ಕಿಂತ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಹೆಚ್ಚಿನ ಕಾರ್ಡ್‌ಗಳಲ್ಲಿ ಫ್ರೀ ಇರುವುದು ಕಾರ್ಡ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ. ಗಂಡ, ಅತ್ತೆ, ಎಂಟು ವರ್ಷದ ಮಗ, ಇವರೆಲ್ಲ ಲೌಂಜ್‌ನವರ ಲೆಕ್ಕದಲ್ಲಿ ಅತಿಥಿಗಳು, ದುಡ್ಡು ಕೊಡಬೇಕು. ಎರಡು ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ ಕೇಳುವುದಿಲ್ಲ. ಒಬ್ಬರು ಒಳಗೆ ಹೋಗಿ ಮೂವರು ಹೊರಗೆ ಕೂರುವುದು ಯಾರಿಗೂ ಮನಸ್ಸಿಗೆ ಒಪ್ಪದ ವಿಷಯ.

ಮೂರನೆಯದು, ಯಾವ ಟರ್ಮಿನಲ್, ಯಾವ ಹೊತ್ತು. ಬೆಂಗಳೂರಿನಲ್ಲಿ ಇಂಡಿಗೋದ ದೇಶದೊಳಗಿನ ವಿಮಾನಗಳು 1ನೇ ಟರ್ಮಿನಲ್‌ನಿಂದ ಹೊರಡುತ್ತವೆ. ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್ 2ನೇ ಟರ್ಮಿನಲ್‌ನಿಂದ. ವಿದೇಶಕ್ಕೆ ಹೋಗುವವರಿಗೆ 2023ರ ಸೆಪ್ಟೆಂಬರ್‌ನಿಂದ 2ನೇ ಟರ್ಮಿನಲ್ಲೇ. ನಮ್ಮ ಎಸ್‌ಟಿಡಿ ಕೋಡನ್ನೇ ಹೆಸರಾಗಿ ಇಟ್ಟುಕೊಂಡ 080 ಲೌಂಜ್ ಎರಡೂ ಕಡೆ ಇದೆ. ಆದರೆ ನಿಮ್ಮ ಕಾರ್ಡಿನ ಪಟ್ಟಿಯಲ್ಲಿ ಯಾವ ಟರ್ಮಿನಲ್‌ನ ಯಾವ ಲೌಂಜ್ ಇದೆ ಅನ್ನುವುದು ಬೇರೆಯೇ ಪ್ರಶ್ನೆ. ದೇಶದೊಳಗಿನ ಭಾಗದ ಲೌಂಜ್ ಪಟ್ಟಿಯಲ್ಲಿದ್ದು, ವಿದೇಶಿ ವಿಮಾನಗಳ ಭಾಗದ್ದು ಇಲ್ಲದಿರಬಹುದು. ಲೌಂಜ್‌ಗಳು ಇರುವುದು ಸೆಕ್ಯುರಿಟಿ ದಾಟಿದ ಮೇಲೆ, ಹಾಗಾಗಿ ಒಂದು ಟರ್ಮಿನಲ್‌ನ ಟಿಕೆಟ್ ಇಟ್ಟುಕೊಂಡು ಇನ್ನೊಂದಕ್ಕೆ ಹೋಗುವ ದಾರಿಯೂ ಇಲ್ಲ.

ನಾಲ್ಕನೆಯದು, ತಿಂಗಳಿಗೆ ಕಾರ್ಡಿನಲ್ಲಿ ಎಷ್ಟು ಖರ್ಚು ಮಾಡುತ್ತೀರಿ, ಬಿಲ್ ಪೂರ್ತಿ ಕಟ್ಟುತ್ತೀರಾ. ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದಿದ್ದರೆ ದಯವಿಟ್ಟು ಲೌಂಜ್ ಆಸೆಗೆ ಕ್ರೆಡಿಟ್ ಕಾರ್ಡ್ ತಗೊಳ್ಳಬೇಡಿ. ಉಳಿಸಿಕೊಂಡ ಬಾಕಿಗೆ ತಿಂಗಳಿಗೆ ಶೇಕಡಾ 3.5ರಿಂದ 3.75ರವರೆಗೆ ಬಡ್ಡಿ ಹಾಕುತ್ತಾರೆ. ₹75,000 ಬಾಕಿ ಒಂದೇ ಒಂದು ತಿಂಗಳು ಉಳಿದರೂ ₹2,800ರ ಹತ್ತಿರ ಬಡ್ಡಿ, ಅದರ ಮೇಲೆ ಜಿಎಸ್‌ಟಿ. ಆ ದುಡ್ಡಿನಲ್ಲಿ ಟರ್ಮಿನಲ್‌ನಲ್ಲಿ ಮನೆಮಂದಿಯೆಲ್ಲ ಹೊಟ್ಟೆ ತುಂಬಾ ತಿನ್ನಬಹುದು.

ಐದನೆಯದು, ನಿಮಗೆ ಅಲ್ಲಿ ಬೇಕಾಗಿರುವುದು ಏನು. ತಿಂಡಿಯಾ? ಬೆನ್ನು ಒರಗಿಸಲು ಒಂದು ಕುರ್ಚಿಯಾ? ಲ್ಯಾಪ್‌ಟಾಪ್ ಇಟ್ಟು ಒಂದು ಮೀಟಿಂಗ್ ಮುಗಿಸುವುದಾ? ಸ್ನಾನವಾ? ನನ್ನ ಅಮ್ಮನಿಗೆ ಬೇಕಾಗಿರುವುದು ಹತ್ತಿರದಲ್ಲೇ ಒಂದು ಟಾಯ್ಲೆಟ್, ಕಾಲು ಚಾಚಲು ಜಾಗ, ಬಿಸಿ ನೀರು. ಇಪ್ಪತ್ತು ಬಗೆಯ ಬಫೆ ಅವರಿಗೆ ಲೆಕ್ಕಕ್ಕಿಲ್ಲ.

"ಫ್ರೀ" ಅಂದರೆ ಯಾರು ಕೊಡುತ್ತಾರೆ

ಇದನ್ನು ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ನೀವು ಒಳಗೆ ಹೋದ ಪ್ರತಿ ಸಲಕ್ಕೂ ಬ್ಯಾಂಕ್ ಅಥವಾ ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಕಾರ್ಡ್ ಜಾಲ ಲೌಂಜ್‌ಗೆ ದುಡ್ಡು ಕೊಡುತ್ತದೆ. ಬಾಗಿಲಲ್ಲಿ ಕಾರ್ಡ್ ಉಜ್ಜಿದಾಗ ₹2ರಂಥ ಸಣ್ಣ ಮೊತ್ತ ಕಡಿತವಾಗುವುದು ಕಾರ್ಡ್ ಜೀವಂತವಾಗಿದೆಯಾ, ನಿಮಗೆ ಅವಕಾಶ ಉಳಿದಿದೆಯಾ ಅಂತ ನೋಡಲು. ನಡುವೆ ಒಬ್ಬ ಮಧ್ಯವರ್ತಿ ಕಂಪನಿ ಇರುತ್ತದೆ. ಬಹಳ ವರ್ಷ ನಮ್ಮ ದೇಶದಲ್ಲಿ ಈ ಕೆಲಸದ ದೊಡ್ಡ ಪಾಲು ಡ್ರೀಮ್‌ಫೋಕ್ಸ್ ಕೈಯಲ್ಲಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಅದರ ಸೇವೆ ಹಲವು ನಿಲ್ದಾಣಗಳಲ್ಲಿ ನಿಂತುಹೋಗಿ, ಕಾರ್ಡ್ ಹಿಡಿದು ಬಂದವರು ಬಾಗಿಲಲ್ಲೇ ಉಳಿದರು. ಮರುವರ್ಷ, 2025ರ ಸೆಪ್ಟೆಂಬರ್‌ನಲ್ಲಿ, ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸುವುದಾಗಿ ಆ ಕಂಪನಿ ಹೇಳಿತು. ಬ್ಯಾಂಕುಗಳು ಬೇರೆ ದಾರಿ ಹಿಡಿದವು. ಅಂದರೆ ನಿಮ್ಮ ಕೈಯಲ್ಲಿರುವ ಕಾರ್ಡ್ ಅದೇ ಇದ್ದರೂ, ಬಾಗಿಲಲ್ಲಿ ನಡೆಯುವ ವಿಧಾನ ಬದಲಾಗಬಹುದು. ಕೆಲವರಿಗೆ ಈಗ ಕಾರ್ಡ್ ಉಜ್ಜಿದರೆ ಸಾಲದು, ಬ್ಯಾಂಕಿನ ಆ್ಯಪ್‌ನಿಂದ ಕ್ಯೂಆರ್ ಕೋಡ್ ತೋರಿಸಬೇಕು.

ಜನ ಜಾಸ್ತಿಯಾದಂತೆ ಬ್ಯಾಂಕುಗಳ ಖರ್ಚೂ ಜಾಸ್ತಿಯಾಯಿತು, ಷರತ್ತು ಬಿಗಿಯಾಯಿತು. 2023ರ ಡಿಸೆಂಬರ್‌ನಿಂದ ಎಚ್‌ಡಿಎಫ್‌ಸಿ ತನ್ನ ಮಿಲೇನಿಯಾ, ರೆಗಾಲಿಯಾ ಕಾರ್ಡ್‌ಗಳಿಗೆ ಮೂರು ತಿಂಗಳಲ್ಲಿ ₹1 ಲಕ್ಷ ಖರ್ಚು ಮಾಡಿರಬೇಕು ಅಂದಿತು. 2024ರ ಮೇಯಲ್ಲಿ ಆಕ್ಸಿಸ್ ತನ್ನ ಹಲವು ಕಾರ್ಡ್‌ಗಳಿಗೆ ₹50,000ದ ಗೆರೆ ಹಾಕಿತು. ಐಸಿಐಸಿಐ 2024ರ ಏಪ್ರಿಲ್‌ನಲ್ಲಿ ₹35,000 ಅಂದಿದ್ದು, ಅದೇ ವರ್ಷ ನವೆಂಬರ್‌ನಲ್ಲಿ ₹75,000 ಮಾಡಿತು. ಫ್ಲಿಪ್‌ಕಾರ್ಟ್ ಆಕ್ಸಿಸ್ ಕಾರ್ಡಿನಿಂದ 2025ರ ಜೂನ್‌ನಲ್ಲಿ ಲೌಂಜ್ ಸೌಲಭ್ಯವೇ ಹೋಯಿತು. ಎರಡು ವರ್ಷದ ಹಳೆಯ ವಿಡಿಯೋ ನೋಡಿ ಕಾರ್ಡ್ ಆರಿಸಿದರೆ ಏನಾಗುತ್ತೆ ಅಂತ ಇದರಲ್ಲೇ ಗೊತ್ತಾಗುತ್ತದೆ. ನಾನು ಮುಂದೆ ಹೇಳುವ ಅಂಕಿಗಳನ್ನೂ ಬ್ಯಾಂಕಿನ ಇವತ್ತಿನ ಪುಟದ ಜೊತೆ ಒಮ್ಮೆ ತಾಳೆ ನೋಡಿಕೊಳ್ಳಿ.

ಮನೆಯಲ್ಲೇ ಬಿದ್ದಿರುವ ಡೆಬಿಟ್ ಕಾರ್ಡ್

ಹೊಸ ಕಾರ್ಡಿಗೆ ಅರ್ಜಿ ಹಾಕುವ ಮೊದಲು ಡ್ರಾಯರ್ ತೆಗೆದು ನೋಡಿ. ಸಂಬಳದ ಖಾತೆಗೆ ಕೊಟ್ಟ ಡೆಬಿಟ್ ಕಾರ್ಡಿನ ಮೇಲೆ ಪ್ಲಾಟಿನಂ ಅಂತಲೋ ಸೆಲೆಕ್ಟ್ ಅಂತಲೋ ಇದೆಯಾ? ರುಪೇ ಪ್ಲಾಟಿನಂ ಡೆಬಿಟ್ ಕಾರ್ಡಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಒಂದು ಸಲ ದೇಶದೊಳಗಿನ ಲೌಂಜ್ ಇರುತ್ತದೆ. ಕೆಲವು ಬ್ಯಾಂಕ್‌ಗಳು ಇದಕ್ಕೂ ಖರ್ಚಿನ ಷರತ್ತು ಹಾಕಿವೆ, ಕೆಲವು ಹಾಕಿಲ್ಲ.

ಮೂರು ತಿಂಗಳಿಗೆ ಒಂದು ಅಂದರೆ ಕಮ್ಮಿ ಅನ್ನಿಸಬಹುದು. ಆದರೆ ಗಂಡ ಹೆಂಡತಿ ಇಬ್ಬರ ಬಳಿಯೂ ಒಂದೊಂದು ಕಾರ್ಡ್ ಇದ್ದರೆ, ವರ್ಷಕ್ಕೆ ಎರಡು ಪ್ರವಾಸ ಮಾಡುವ ಮನೆಗೆ ಅದೇ ಸಾಕು. ಒಂದೇ ಒಂದು ಸೂಕ್ಷ್ಮ ಇದೆ. ಹೋಗುವುದು, ಬರುವುದು ಎರಡೂ ಒಂದೇ ತ್ರೈಮಾಸಿಕದಲ್ಲಿ, ಅಂದರೆ ಜನವರಿಯಿಂದ ಮಾರ್ಚ್, ಏಪ್ರಿಲ್‌ನಿಂದ ಜೂನ್ ಹೀಗೆ ಎಣಿಸುವ ಮೂರು ತಿಂಗಳಲ್ಲಿ, ಬಂದರೆ ಒಂದು ಸಲ ಮಾತ್ರ ಸಿಗುತ್ತದೆ. ಡಿಸೆಂಬರ್ 28ಕ್ಕೆ ಹೋಗಿ ಜನವರಿ 2ಕ್ಕೆ ವಾಪಸ್ ಬಂದರೆ ಎರಡೂ ಸಲ ಸಿಗುತ್ತದೆ! ಇಲ್ಲದಿದ್ದರೆ ಯಾವ ಕಡೆ ಜಾಸ್ತಿ ಹೊತ್ತು ಕಾಯಬೇಕೋ ಆ ಕಡೆಗೆ ಉಳಿಸಿಕೊಳ್ಳಿ.

ಇದು ಯಾರಿಗೆ? ಅಪರೂಪಕ್ಕೆ ವಿಮಾನ ಹತ್ತುವವರಿಗೆ, ಕ್ರೆಡಿಟ್ ಕಾರ್ಡೇ ಬೇಡ ಅನ್ನುವವರಿಗೆ, ಪಿಂಚಣಿ ಬರುವ ಹಿರಿಯರಿಗೆ. ಅಪ್ಪ ಅಮ್ಮನ ಹೆಸರಿನ ಖಾತೆಗೂ ಇಂಥ ಡೆಬಿಟ್ ಕಾರ್ಡ್ ಕೇಳಿ ಪಡೆಯಬಹುದು ಅನ್ನುವುದನ್ನು ತುಂಬಾ ಜನ ಯೋಚಿಸುವುದೇ ಇಲ್ಲ. ವರ್ಷದ ಶುಲ್ಕ ಎಷ್ಟು ಅಂತ ಮಾತ್ರ ಮೊದಲೇ ಕೇಳಿ.

ಶುಲ್ಕ ಕಮ್ಮಿ, ಷರತ್ತು ಜಾಸ್ತಿ

ತಂಗಿಯ ₹500ರ ಕಾರ್ಡ್ ಈ ಗುಂಪಿನದು. ಶುಲ್ಕ ಸಣ್ಣದು, ಆದರೆ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಈ ಮೂರು ತಿಂಗಳಲ್ಲಿ ಲೌಂಜ್. ಜನವರಿಯಿಂದ ಮಾರ್ಚ್‌ವರೆಗಿನ ಖರ್ಚು ಏಪ್ರಿಲ್‌ನಿಂದ ಜೂನ್‌ವರೆಗಿನ ಪ್ರಯಾಣಕ್ಕೆ. ಅಂದರೆ ಬೇಸಿಗೆ ರಜೆಯ ಲೌಂಜ್ ಬೇಕಿದ್ದರೆ ಸಂಕ್ರಾಂತಿಯಿಂದಲೇ ಲೆಕ್ಕ ಇಡಬೇಕು.

ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ. ಎರಡು ವರ್ಷದ ಹಿಂದೆ ಅಮ್ಮನ ಜೊತೆ ಬೆಳಗಿನ ವಿಮಾನಕ್ಕೆ ಹೊರಟಿದ್ದೆ. ಇಂಥದ್ದೇ ಒಂದು ಕಾರ್ಡ್ ನನ್ನ ಕೈಯಲ್ಲಿತ್ತು. ಗೆರೆ ದಾಟಿದ್ದೇನೆ ಅಂತ ನಂಬಿದ್ದೆ. ಕೌಂಟರಿನ ಹುಡುಗಿ ಕಾರ್ಡ್ ಉಜ್ಜಿದಳು, ಯಂತ್ರ ಕೂಗಿತು. ಬಟ್ಟೆಯಿಂದ ಚಿಪ್ ಒರೆಸಿ ಮತ್ತೆ ಹಾಕಿದಳು, ಮತ್ತೆ ಅದೇ. ಹಿಂದೆ ಹದಿನೈದು ಜನ. ಅಮ್ಮ ಮನೆಯಲ್ಲೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬಂದಿದ್ದರು, ಬೇಗ ಏನಾದರೂ ತಿನ್ನಲೇಬೇಕಿತ್ತು. ಇಬ್ಬರಿಗೂ ದುಡ್ಡು ಕೊಟ್ಟು ಒಳಗೆ ಹೋದೆವು. ಆಮೇಲೆ ನೋಡಿದರೆ, ಆ್ಯಪ್ ಮೂಲಕ ಕಟ್ಟಿದ್ದ ಮನೆ ಬಾಡಿಗೆಯನ್ನು ಬ್ಯಾಂಕ್ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಾಡಿಗೆ, ವ್ಯಾಲೆಟ್‌ಗೆ ತುಂಬುವ ದುಡ್ಡು, ಪೆಟ್ರೋಲ್, ಇಎಂಐ ಇವುಗಳನ್ನು ಎಷ್ಟೋ ಕಾರ್ಡ್‌ಗಳು ಖರ್ಚು ಅಂತ ಎಣಿಸುವುದಿಲ್ಲ. ಈ ಸಾಲನ್ನು ಓದದೆ ಕಾರ್ಡ್ ತಗೊಳ್ಳಬೇಡಿ.

ಇನ್ನೊಂದು ಲೆಕ್ಕವನ್ನು ಯಾರೂ ಹೇಳುವುದಿಲ್ಲ. ನಿಮ್ಮ ಬಳಿ ಈಗ ಶೇಕಡಾ 2 ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡ್ ಇದೆ ಅಂದುಕೊಳ್ಳಿ. ಲೌಂಜ್‌ಗೋಸ್ಕರ ₹75,000 ಖರ್ಚನ್ನು ಶೇಕಡಾ ಅರ್ಧ ಕೊಡುವ ಕಾರ್ಡಿಗೆ ತಿರುಗಿಸಿದಿರಿ. ಕಳೆದುಕೊಂಡಿದ್ದು ಶೇಕಡಾ ಒಂದೂವರೆ, ಅಂದರೆ ₹1,125. ಆ ಮೂರು ತಿಂಗಳಲ್ಲಿ ಸಿಕ್ಕಿದ್ದು ಒಂದೇ ಲೌಂಜ್ ಆದರೆ, ಅದು ಫ್ರೀ ಅಲ್ಲ, ₹1,125ರ ಲೌಂಜ್. ದಿನಸಿ, ಕರೆಂಟ್ ಬಿಲ್, ಶಾಲೆ ಫೀಸು ಎಲ್ಲವೂ ಹೇಗೂ ಇದೇ ಕಾರ್ಡಿನಲ್ಲಿ ಹೋಗುತ್ತಿದೆ, ಗೆರೆ ತಾನಾಗೇ ದಾಟುತ್ತದೆ ಅನ್ನುವವರಿಗೆ ಮಾತ್ರ ಈ ಗುಂಪು ಲಾಭ. ಗೆರೆ ದಾಟಲು ಸುಮ್ನೆ ಏನೇನೋ ಕೊಳ್ಳುವ ಸ್ಥಿತಿ ಬಂದರೆ ಬಿಟ್ಟುಬಿಡಿ.

ನಡುವಿನ ದರ್ಜೆ

ವರ್ಷಕ್ಕೆ ₹2,500ರಿಂದ ₹5,000ದವರೆಗಿನ ಕಾರ್ಡ್‌ಗಳು. ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಇರುತ್ತದೆ, ಹಾಗಾಗಿ ₹2,500 ಅಂದರೆ ಕಟ್ಟುವುದು ₹2,950. ಉದಾಹರಣೆಗೆ ಎಚ್‌ಡಿಎಫ್‌ಸಿಯ ರೆಗಾಲಿಯಾ ಗೋಲ್ಡ್ ಇದೇ ಶುಲ್ಕದ್ದು. ಬಂದ ಹೊಸತರಲ್ಲಿ ಅದರಲ್ಲಿ ವರ್ಷಕ್ಕೆ ದೇಶದೊಳಗೆ 12, ಹೊರಗೆ 6 ಲೌಂಜ್ ಭೇಟಿ ಇದ್ದವು.

ಒಂದು ಭೇಟಿಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ₹2,950 ಕಟ್ಟಿ ವರ್ಷಕ್ಕೆ ಎಂಟು ಸಲ ನಿಜವಾಗಿ ಕೂತರೆ, ಸಲಕ್ಕೆ ₹370ರ ಹತ್ತಿರ. ಟರ್ಮಿನಲ್‌ನಲ್ಲಿ ಒಂದು ದೋಸೆ, ಒಂದು ಕಾಫಿ ತಗೊಂಡರೆ ಅಷ್ಟು ಆಗಿಯೇ ಆಗುತ್ತದೆ. ಮೂರೇ ಸಲ ಕೂತರೆ ಸಲಕ್ಕೆ ₹980 ದಾಟುತ್ತದೆ. ನನ್ನ ಅಂದಾಜಿನಲ್ಲಿ ಗಡಿ ಇರುವುದು ಐದಾರು ಸಲದ ಹತ್ತಿರ. ಅದಕ್ಕಿಂತ ಕಮ್ಮಿ ಹೋಗುವವರು ಲೌಂಜ್ ಒಂದನ್ನೇ ನೋಡಿ ಇದನ್ನು ಮಾಡಿಸಬೇಡಿ. ಬೇರೆ ಲಾಭಗಳು, ರಿವಾರ್ಡ್ ಪಾಯಿಂಟ್, ಶುಲ್ಕ ಮನ್ನಾ, ಇವೆಲ್ಲ ಸೇರಿ ಸರಿಹೋದರೆ ಅದು ಬೇರೆ ಮಾತು.

"ವರ್ಷಕ್ಕೆ 8" ಅಂತ ಇದ್ದರೆ ಅದರ ಕೆಳಗೆ "ಮೂರು ತಿಂಗಳಿಗೆ 2" ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ನೋಡಿ. ಕೆಲಸದ ಮೇಲೆ ವರ್ಷವಿಡೀ ತಿರುಗುವವರಿಗೆ ಅದರಿಂದ ತೊಂದರೆ ಇಲ್ಲ. ದಸರಾ, ದೀಪಾವಳಿ ಎರಡಕ್ಕೂ ಪ್ರಯಾಣ ಮಾಡಿ ಉಳಿದ ವರ್ಷ ಮನೆಯಲ್ಲಿರುವವರಿಗೆ ಎಂಟರಲ್ಲಿ ಎರಡೇ ಸಿಗುತ್ತವೆ, ಯಾಕೆಂದರೆ ಎರಡು ಹಬ್ಬವೂ ಅಕ್ಟೋಬರ್, ನವೆಂಬರ್ ಆಸುಪಾಸಿನಲ್ಲೇ ಬರುವುದು.

ಇನ್ನು ಪ್ರಯಾರಿಟಿ ಪಾಸ್ ವಿಷಯ. ಈ ದರ್ಜೆಯ ಕೆಲವು ಕಾರ್ಡ್‌ಗಳ ಜೊತೆ ಕಪ್ಪು ಬಣ್ಣದ ಇನ್ನೊಂದು ಕಾರ್ಡ್ ಬರುತ್ತದೆ. ಜಗತ್ತಿನಾದ್ಯಂತ 1,300ಕ್ಕೂ ಹೆಚ್ಚು ಲೌಂಜ್‌ಗಳಿಗೆ ಅದು ಒಪ್ಪುತ್ತದೆ. ಆದರೆ ನಮ್ಮಲ್ಲಿ ಕೊಡುವ ಎಷ್ಟೋ ಪಾಸ್‌ಗಳಲ್ಲಿ ಫ್ರೀ ಭೇಟಿ ಭಾರತದ ಹೊರಗೆ ಮಾತ್ರ. ಬೆಂಗಳೂರಿನಲ್ಲೇ ಅದನ್ನು ಉಜ್ಜಿದರೆ ಒಳಗೆ ಬಿಡುತ್ತಾರೆ, ತಿಂಗಳ ಕೊನೆಯ ಬಿಲ್‌ನಲ್ಲಿ ತಲೆಗೆ 27 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬರುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಹೆಂಡತಿ ಮಕ್ಕಳನ್ನೂ ಇದೇ ಪಾಸ್‌ನಲ್ಲಿ ಕರೆದುಕೊಂಡು ಹೋಗಿ, ಬಿಲ್ ನೋಡಿದ ಮೇಲೆ ವಿಷಯ ತಿಳಿದುಕೊಂಡರು. ಭಾರತದಲ್ಲಿ ಇರುವಾಗ ಕ್ರೆಡಿಟ್ ಕಾರ್ಡ್, ಹೊರಗೆ ಹೋದಾಗ ಪಾಸ್. ಇಷ್ಟು ನೆನಪಿಟ್ಟುಕೊಳ್ಳಿ.

ದುಬಾರಿ ಕಾರ್ಡ್ ಮತ್ತು ಊರಿನಲ್ಲಿರುವ ಅಪ್ಪ ಅಮ್ಮ

₹10,000 ದಾಟಿದ ಶುಲ್ಕದ ಕಾರ್ಡ್‌ಗಳ ಬಗ್ಗೆ ಎರಡು ತರದ ಮಾತು ಕೇಳುತ್ತೇವೆ. ಶ್ರೀಮಂತರಿಗೆ ಮಾತ್ರ ಅನ್ನುವುದು ಒಂದು, ಇದಿದ್ದರೆ ಎಲ್ಲ ಫ್ರೀ ಅನ್ನುವುದು ಇನ್ನೊಂದು. ಎಚ್‌ಡಿಎಫ್‌ಸಿ ಇನ್ಫಿನಿಯಾ ತಗೊಳ್ಳಿ. ಶುಲ್ಕ ₹12,500, ಜಿಎಸ್‌ಟಿ ಸೇರಿ ₹14,750. ಬ್ಯಾಂಕೇ ಕರೆದು ಕೊಡುವ ಕಾರ್ಡ್ ಅದು. ಲೌಂಜ್‌ಗೆ ಲೆಕ್ಕವಿಲ್ಲ, ಆ್ಯಡ್-ಆನ್ ಕಾರ್ಡ್, ಅಂದರೆ ನಮ್ಮ ಕಾರ್ಡಿನ ಜೊತೆ ಮನೆಯವರ ಹೆಸರಿಗೆ ಕೊಡುವ ಹೆಚ್ಚುವರಿ ಕಾರ್ಡ್, ಇರುವವರಿಗೂ ಅವಕಾಶ ಇದೆ. ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಇದು ಸಲಕ್ಕೆ ₹3,700ರ ಹತ್ತಿರ ಬೀಳುತ್ತದೆ, ಅರ್ಥವಿಲ್ಲ. ತಿಂಗಳಿಗೆ ಎರಡು ಸಲ ಇಬ್ಬರು ಹೋದರೆ ಸಲಕ್ಕೆ ತಲಾ ₹310ರ ಒಳಗೆ.

ಈ ದರ್ಜೆಯಲ್ಲಿ ನನಗೆ ನಿಜವಾಗಿ ಬೆಲೆ ಕಾಣುವುದು ಆ್ಯಡ್-ಆನ್ ಕಾರ್ಡಿನಲ್ಲಿ. ಮಗಳು ಅಮೆರಿಕದಲ್ಲಿ, ಬಾಣಂತನಕ್ಕೆ ಹೊರಟ ಅಪ್ಪ ಅಮ್ಮ ಹಾಸನದಿಂದಲೋ ಶಿರಸಿಯಿಂದಲೋ ಬರುತ್ತಾರೆ. ಮಧ್ಯರಾತ್ರಿ ಬೆಂಗಳೂರು ಬಿಟ್ಟು, ದುಬೈಯಲ್ಲೋ ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಐದಾರು ಗಂಟೆ ಕಾಯಬೇಕು. ಭಾಷೆ ಹೊಸದು, ಕಾಲು ಊದಿರುತ್ತದೆ, ಕೈಯಲ್ಲಿ ಡಾಲರ್ ಇದ್ದರೂ ಒಂದು ಸ್ಯಾಂಡ್‌ವಿಚ್‌ಗೆ ಅಷ್ಟು ಕೊಡಲು ಮನಸ್ಸು ಬರುವುದಿಲ್ಲ. ಅವರ ಹೆಸರಿನಲ್ಲೇ ಒಂದು ಪಾಸ್ ಇದ್ದರೆ, ಒರಗಿ ಕೂರಲು ಜಾಗ, ಬಿಸಿ ಅನ್ನ, ಮುಖ ತೊಳೆಯಲು ಚೊಕ್ಕ ಜಾಗ, ಮಗಳಿಗೆ ವಿಡಿಯೋ ಕಾಲ್ ಮಾಡಲು ವೈಫೈ ಎಲ್ಲ ಒಂದೇ ಕಡೆ ಸಿಗುತ್ತದೆ. ನನ್ನ ಅತ್ತೆ ಮಾವ ಹೀಗೆ ಹೋಗಿ ಬಂದಿದ್ದಾರೆ. "ಅಲ್ಲೊಬ್ಬಳು ಬಂದು, ನಿಮ್ಮ ಗೇಟ್ ಬಂತು ಅಂತ ಹೇಳಿದಳು ನೋಡು, ದೇವರು ಬಂದಂಗಾಯ್ತು" ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ಎಲ್ಲ ಲೌಂಜ್‌ನಲ್ಲೂ ಹೀಗೆ ಕರೆಯುವುದಿಲ್ಲ, ಹಾಗಾಗಿ ಫೋನಿನಲ್ಲಿ ಅಲಾರಂ ಇಟ್ಟು ಕಳಿಸಿ.

ಆದರೆ ಒಂದು ಮಾತು. ಆ್ಯಡ್-ಆನ್‌ಗೆ ಲೌಂಜ್ ಇದೆಯಾ, ಪ್ರಯಾರಿಟಿ ಪಾಸ್ ಬೇರೆಯಾಗಿ ಕೊಡುತ್ತಾರಾ, ಅಂತ ಬ್ಯಾಂಕಿನಿಂದ ಬರೆಸಿಕೊಂಡು ಖಾತ್ರಿ ಮಾಡಿಕೊಳ್ಳಿ. ಪಾಸ್ ಅಂಚೆಯಲ್ಲಿ ಬರಲು ದಿನ ಹಿಡಿಯುತ್ತದೆ. ಹೊರಡುವ ವಾರ ಅರ್ಜಿ ಹಾಕಿದರೆ ಸಿಗುವುದಿಲ್ಲ.

ಬಾಗಿಲಲ್ಲಿ ದುಡ್ಡು ಕೊಡುವುದು

ಇದನ್ನು ಜನ ಸುಮ್ನೆ ತಳ್ಳಿಹಾಕುತ್ತಾರೆ. ದೇಶದೊಳಗಿನ ಲೌಂಜ್‌ಗೆ ಎರಡು ಮೂರು ಗಂಟೆಗೆ ತಲೆಗೆ ಸಾವಿರದಿಂದ ಎರಡು ಸಾವಿರದ ಆಸುಪಾಸು ಕೇಳುತ್ತಾರೆ. ಜಾಸ್ತಿಯೇ, ಒಪ್ಪುತ್ತೇನೆ. ಆದರೆ ವರ್ಷಕ್ಕೆ ಒಂದೇ ಸಲ, ವಿಮಾನ ನಾಲ್ಕು ಗಂಟೆ ತಡ ಅಂತ ಬೋರ್ಡಿನಲ್ಲಿ ಬಂದ ದಿನ, ಜೊತೆಗೆ ಎಪ್ಪತ್ತು ದಾಟಿದವರು ಇದ್ದ ದಿನ, ಆ ದುಡ್ಡಿಗೆ ನಾನು ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ. ವರ್ಷದ ಶುಲ್ಕ ಇಲ್ಲ, ಖರ್ಚಿನ ಗೆರೆ ಇಲ್ಲ, ಬೇಕಾದ ದಿನ ಬೇಕಾದವರಿಗೆ ಮಾತ್ರ. ತಡ ಜಾಸ್ತಿಯಾದರೆ ವಿಮಾನ ಕಂಪನಿ ಕೊಡುವ ತಿಂಡಿಯನ್ನೂ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಹೊರಗೇ ಕೂರುವುದು

ಬೆಳಗ್ಗೆ ಐದರಿಂದ ಏಳರವರೆಗೆ ಲೌಂಜ್ ಒಳಗೆ ಹೇಗಿರುತ್ತೆ ಅಂತ ಹೇಳುತ್ತೇನೆ. ಹೊರಗೆ ಇಪ್ಪತ್ತು ನಿಮಿಷದ ಸಾಲು. ಒಳಗೆ ಹೋದರೆ ಎರಡು ಕುರ್ಚಿ ಒಟ್ಟಿಗೆ ಖಾಲಿ ಇರುವುದಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದರೆ ಬರೀ ಹಬೆ. ಹೊಸ ತಟ್ಟೆ ಬರುವಷ್ಟರಲ್ಲಿ ಅಲ್ಲೂ ಒಂದು ಸಾಲು. ಕಾಫಿ ಯಂತ್ರದ ಮುಂದೆ ನಿಂತವರ ಕಣ್ಣು ಗಡಿಯಾರದ ಮೇಲೆ. ಸಂಜೆ ನಾಲ್ಕಕ್ಕೆ ಅದೇ ಜಾಗಕ್ಕೆ ಹೋದರೆ ಕಿಟಕಿ ಪಕ್ಕದ ಸೋಫಾ ಸಿಗುತ್ತದೆ, ಉಪ್ಪಿಟ್ಟು ಬಿಸಿಯಾಗಿರುತ್ತದೆ. ಅದಕ್ಕೇ ಬೆಳಗಿನ ವಿಮಾನಕ್ಕೆ ಒಬ್ಬಳೇ ಹೊರಟಾಗ ನಾನು ಲೌಂಜ್ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಮನೆಯಿಂದ ಪುಳಿಯೋಗರೆ, ಚಪಾತಿ ಪಲ್ಯ, ಬೇಯಿಸಿದ ಕಡಲೆ ತರಬಹುದು, ಸೆಕ್ಯುರಿಟಿಯಲ್ಲಿ ತಡೆಯುವುದಿಲ್ಲ. ಖಾಲಿ ಬಾಟಲಿ ಒಯ್ದರೆ ಒಳಗೆ ನೀರು ತುಂಬಿಸಿಕೊಳ್ಳಬಹುದು. ವಿದೇಶಕ್ಕೆ ಹೋಗುವಾಗ ಮಾತ್ರ ಮೊಸರನ್ನ, ಚಟ್ನಿ, ಉಪ್ಪಿನಕಾಯಿ ಬೇಡ, 100 ಮಿಲಿಲೀಟರ್ ನಿಯಮಕ್ಕೆ ಸಿಕ್ಕಿಕೊಳ್ಳುತ್ತವೆ. 2ನೇ ಟರ್ಮಿನಲ್‌ನಲ್ಲಂತೂ ಬಿದಿರಿನ ಚಾವಣಿಯ ಕೆಳಗೆ, ತೂಗುವ ಗಿಡಗಳ ಪಕ್ಕದಲ್ಲಿ ಕೂರಲು ಜಾಗ ಧಾರಾಳವಾಗಿದೆ. ಲೌಂಜ್‌ನ ಇಕ್ಕಟ್ಟಿಗಿಂತ ಅದೇ ಎಷ್ಟೋ ಮೇಲು ಅನ್ನಿಸಿದೆ ನನಗೆ.

ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುವ ನಿಲ್ದಾಣಗಳಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಗಿದೆ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತದಲ್ಲಿ, ಮರುವರ್ಷ ಚೆನ್ನೈನಲ್ಲಿ ಉಡಾನ್ ಯಾತ್ರಿ ಕೆಫೆ ತೆರೆದರು. ₹10ಕ್ಕೆ ಟೀ, ₹20ಕ್ಕೆ ಸಮೋಸ. ಆ ಕಡೆ ಹೋಗುವವರು ಲೌಂಜ್‌ಗಿಂತ ಮೊದಲು ಅದನ್ನು ಹುಡುಕಿ.

ಹೊರಡುವ ಹಿಂದಿನ ರಾತ್ರಿ

ಯಾವುದನ್ನೇ ಆರಿಸಿದರೂ ಹಿಂದಿನ ರಾತ್ರಿ ಹತ್ತು ನಿಮಿಷ ಕೊಡಿ. ಬ್ಯಾಂಕಿನ ಆ್ಯಪ್ ತೆಗೆದು ಈ ಮೂರು ತಿಂಗಳ ಭೇಟಿ ಉಳಿದಿದೆಯಾ ನೋಡಿ. ಪಟ್ಟಿಯಲ್ಲಿ ನಿಮ್ಮ ಟರ್ಮಿನಲ್ ಇದೆಯಾ ನೋಡಿ. ಕ್ಯೂಆರ್ ಕೋಡ್ ಬೇಕಿದ್ದರೆ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ಕಾರ್ಡ್ ಮತ್ತು ಬೋರ್ಡಿಂಗ್ ಪಾಸ್ ಎರಡರಲ್ಲೂ ಹೆಸರು ಒಂದೇ ಇರಬೇಕು, ಗಂಡನ ಕಾರ್ಡ್ ಹಿಡಿದು ಹೆಂಡತಿ ಹೋಗಲು ಆಗುವುದಿಲ್ಲ. ವಿಮಾನಕ್ಕೆ ಮೂರು ಗಂಟೆಗಿಂತ ಮುಂಚೆ ಬಂದರೆ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ.

ತಂಗಿ ಕೊನೆಗೆ ಲೆಕ್ಕ ಹಾಕಿದಳು. ಮನೆಯಲ್ಲಿ ನಾಲ್ಕು ಜನ, ವರ್ಷಕ್ಕೆ ಎರಡು ಪ್ರವಾಸ. ಡಿಸೆಂಬರ್‌ನಲ್ಲಿ ದೆಹಲಿಗೆ ಬೆಳಗ್ಗೆ 6:10ಕ್ಕೆ 1ನೇ ಟರ್ಮಿನಲ್‌ನಿಂದ, ವಾಪಸ್ ಬರುವುದು ಸಂಜೆ. ₹500ರ ಕಾರ್ಡಿನ ಗೆರೆಯನ್ನು ಅವಳ ಖರ್ಚು ದಾಟುವುದಿಲ್ಲ. ₹2,500ರದ್ದರಲ್ಲಿ ಅವಳೊಬ್ಬಳಿಗೇ ಫ್ರೀ. ₹12,500ರದ್ದು ನಾಲ್ಕು ಸಲಕ್ಕೆ ಆಗದ ಮಾತು. ಡ್ರಾಯರ್‌ನಲ್ಲಿ ಅವಳದೂ ಅವಳ ಗಂಡನದೂ ಎರಡು ರುಪೇ ಡೆಬಿಟ್ ಕಾರ್ಡ್ ಸಿಕ್ಕವು. ಅವನ್ನು ದೆಹಲಿಯಿಂದ ಬರುವಾಗ ಬಳಸುವುದು, ಅಮ್ಮನಿಗೂ ಮಗನಿಗೂ ಅವತ್ತು ದುಡ್ಡು ಕೊಡುವುದು, ಹೋಗುವಾಗ ಬುತ್ತಿ ಅಂತ ತೀರ್ಮಾನವಾಯಿತು. ಪುಳಿಯೋಗರೆ ಸಾಕಾ, ಚಪಾತಿನೂ ಬೇಕಾ ಅಂತ ಅಮ್ಮ ಈಗಲೇ ಕೇಳಲು ಶುರು ಮಾಡಿದ್ದಾರೆ.